ಹಾಡು ಪೂರ್ತಿ ಕೇಳಿಸುವ ಸಿನಿಮಾ ಯಾವುದು?

ಈ ಸಲದ ಅಂಕಣದಲ್ಲಿ ಮೂರು ಪ್ರಶ್ನೆಗಳು. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು.

ಪ್ರಶ್ನೆ: ಕದ್ರಿ ಗೋಪಾಲನಾಥ್ ಅವರ ಸ್ಯಾಕ್ಸೋಫೋನ್ ಕೇಳುತ್ತಲೇ ಬೆಳೆದವನು ನಾನು. ಅದೇ ವಾದ್ಯದ ಜಾಝ್ ಮಾತ್ರ ತಲೆಗೆ ಹತ್ತುವುದಿಲ್ಲ. ಡಾಕ್ಯುಮೆಂಟರಿ ನೋಡೋಣ ಅಂದರೆ ಅದರಲ್ಲಿ ಮಾತೇ ಜಾಸ್ತಿ. ಎಲ್ಲಿಂದ ಶುರು ಮಾಡಲಿ? (ಓದುಗರು, ಬಂಟ್ವಾಳ)

ನಿಮ್ಮ ದೂರು ನನ್ನದೂ ಹೌದು. ಒಬ್ಬರು ಊದಲು ಶುರು ಮಾಡಿ ಅರ್ಧ ನಿಮಿಷ ಆಗಿರುವುದಿಲ್ಲ, ಇನ್ಯಾರೋ ಕುರ್ಚಿಯಲ್ಲಿ ಕೂತು ಅವರು ಎಷ್ಟು ದೊಡ್ಡ ಕಲಾವಿದರು ಅಂತ ವಿವರಿಸತೊಡಗುತ್ತಾರೆ. ಅದನ್ನು ನಮ್ಮ ಕಿವಿಗೇ ಬಿಡಬಹುದಲ್ವಾ? ಸಂಗೀತದ ಚಿತ್ರಗಳನ್ನು ನೋಡುವಾಗ ನಾನು ಮೊದಲು ಹುಡುಕುವುದು ಇಷ್ಟೇ: ಹಾಡು ಮೊದಲಿನಿಂದ ಕೊನೆಯವರೆಗೆ ಇದೆಯಾ?

ನೀವು ಒಂದು ಹಳೆಯ ಟಿವಿ ಕಾರ್ಯಕ್ರಮದಿಂದ ಶುರು ಮಾಡಿ. ಹೆಸರು 'ದಿ ಸೌಂಡ್ ಆಫ್ ಜಾಝ್'. 1957ರ ಡಿಸೆಂಬರ್ 8ರಂದು ಅಮೆರಿಕದ ಸಿಬಿಎಸ್ ವಾಹಿನಿ ನ್ಯೂಯಾರ್ಕಿನಿಂದ ನೇರ ಪ್ರಸಾರ ಮಾಡಿದ್ದು. ಅದರಲ್ಲಿ ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ಸ್ಟೂಲಿನ ಮೇಲೆ ಕೂತು 'ಫೈನ್ ಆ್ಯಂಡ್ ಮೆಲೋ' ಹಾಡುತ್ತಾರೆ. ಅವರೇ ಕಟ್ಟಿದ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಹಾಡಿನ ಬಗೆ. ಸುತ್ತಲೂ ವಾದ್ಯದವರು ನಿಂತಿದ್ದಾರೆ.

ನೋಡುವಾಗ ಸುಮ್ನೆ ತೊಡೆ ಮೇಲೆ ತಾಳ ಹಾಕಿ. ಈ ಬ್ಲೂಸ್‌ನ ಲೆಕ್ಕ ಸುಲಭ. ನಾಲ್ಕು ನಾಲ್ಕು ಪೆಟ್ಟಿನ 12 ಭಾಗ, ಒಟ್ಟು 48 ಪೆಟ್ಟಿಗೆ ಒಂದು ಸುತ್ತು. ಎಂಟು ಪೆಟ್ಟಿನ ಆದಿತಾಳದಲ್ಲಿ ಎಣಿಸಿದರೆ ಆರು ಆವರ್ತನೆ. ಒಂದು ಸಾಲನ್ನು ಎರಡು ಸಲ ಹಾಡುತ್ತಾರೆ, ಮೂರನೆಯ ಸಾಲು ಅದಕ್ಕೆ ಉತ್ತರ. ಸಾಲಿಗೆ ಎರಡೆರಡು ಆವರ್ತನೆ ಅಂತ ಹಿಡಿದುಕೊಂಡರೆ ದಾರಿ ತಪ್ಪುವುದಿಲ್ಲ. ಹಾಡು ನಿಂತು ವಾದ್ಯ ಬಂದಾಗಲೂ ಅದೇ ಸುತ್ತು ತಿರುಗುತ್ತಿರುತ್ತದೆ. ಮೇಲೆ ನುಡಿಸುವುದೆಲ್ಲ ಅವರ ಮನೋಧರ್ಮ, ಅಂದರೆ ಆ ಕ್ಷಣದ ಕಲ್ಪನೆ. ಸ್ವರಕಲ್ಪನೆ ಕೇಳಿದ ನಿಮ್ಮ ಕಿವಿಗೆ ಇದು ಹೊಸದೇನಲ್ಲ.

ಈಗ ಮುಖ್ಯ ಜಾಗಕ್ಕೆ ಬರುತ್ತೇನೆ. ಸ್ಯಾಕ್ಸೋಫೋನ್‌ನಲ್ಲಿ ಬೆನ್ ವೆಬ್‌ಸ್ಟರ್ ಒಂದು ಸುತ್ತು ಮುಗಿಸುತ್ತಾರೆ. ಆಮೇಲೆ ಇನ್ನೊಬ್ಬ ಸ್ಯಾಕ್ಸೋಫೋನ್ ವಾದಕ ಲೆಸ್ಟರ್ ಯಂಗ್ ಎದ್ದು ಬರುತ್ತಾರೆ. ಆಗ ಅವರ ಆರೋಗ್ಯ ತುಂಬಾ ಕೆಟ್ಟಿತ್ತು. ನುಡಿಸುವುದೂ ಒಂದೇ ಸುತ್ತು, ಕೆಲವೇ ಸ್ವರ. ಕ್ಯಾಮೆರಾ ಹಾಲಿಡೇ ಮುಖಕ್ಕೆ ತಿರುಗುತ್ತದೆ. ಆಕೆ ಅವರನ್ನೇ ನೋಡುತ್ತಾ, ತಲೆಯಾಡಿಸುತ್ತಾ, ಸಣ್ಣಗೆ ನಗುತ್ತಾ ಕೇಳುತ್ತಾರೆ. ಆಟದಲ್ಲಿ ಭಾಗವತರು ಪದ ಎತ್ತಿದಾಗ ಚೆಂಡೆಯವರು ಅವರ ಮುಖವನ್ನೇ ನೋಡುತ್ತಿರುತ್ತಾರಲ್ಲ, ಅದೇ ನೋಟ. ಆಕೆಯನ್ನು 'ಲೇಡಿ ಡೇ' ಅಂತ ಕರೆದವರು ಲೆಸ್ಟರ್. ಅವರಿಗೆ 'ಪ್ರೆಸ್' (ಪ್ರೆಸಿಡೆಂಟ್ ಅನ್ನುವುದರ ಚುಟುಕು) ಅಂತ ಹೆಸರಿಟ್ಟವರು ಆಕೆ. 1959ರ ಮಾರ್ಚ್‌ನಲ್ಲಿ ಲೆಸ್ಟರ್ ತೀರಿಕೊಂಡರು, ಜುಲೈನಲ್ಲಿ ಹಾಲಿಡೇ. ಇದೆಲ್ಲ ಗೊತ್ತಿಲ್ಲದೆ ನೋಡಿದರೂ ಆ ಮುಖ ನೋಡಿಯೇ ಈ ಸಂಗೀತ ಯಾಕೆ ಬೇಕು ಅಂತ ತಿಳಿಯುತ್ತದೆ. ನನಗೆ ಜಾಝ್ ಒಳಗೆ ದಾರಿ ಸಿಕ್ಕಿದ್ದು ಅಲ್ಲೇ.

ಎಲ್ಲರೂ ಹೊಗಳುವ 'ಜಾಝ್ ಆನ್ ಎ ಸಮ್ಮರ್ಸ್ ಡೇ' ಕೂಡ ನೋಡಿ. 1958ರಲ್ಲಿ ಅಮೆರಿಕದ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ತೆಗೆದದ್ದು. ನಿರ್ದೇಶಕ ಬರ್ಟ್ ಸ್ಟರ್ನ್ ಫ್ಯಾಷನ್ ಫೋಟೋಗ್ರಾಫರ್, ಅದಕ್ಕೇ ಬಣ್ಣಗಳು ಅಷ್ಟು ಚೆಂದ. ಗರಿಯ ಟೋಪಿ, ಬಿಳಿ ಕೈಗವಸು ಹಾಕಿಕೊಂಡು ಅನಿತಾ ಓಡೇ ಹಾಡುವುದು, ಕೊನೆಯಲ್ಲಿ ಮಹೇಲಿಯಾ ಜಾಕ್ಸನ್ ಪ್ರಾರ್ಥನೆ ಹಾಡುವುದು, ಎರಡೂ ಬಹಳ ದಿನ ಮನಸ್ಸಿನಲ್ಲಿ ಉಳಿಯುತ್ತವೆ. ಆದರೆ ಥೆಲೋನಿಯಸ್ ಮಂಕ್ ಪಿಯಾನೊ ನುಡಿಸುತ್ತಿರುವಾಗ ಕ್ಯಾಮೆರಾ ಹಾಯಿದೋಣಿಗಳ ಕಡೆ ಹೋಗಿಬಿಡುತ್ತದೆ. ಎಷ್ಟು ಸಲ ನೋಡಿದರೂ ಅಲ್ಲಿ ನನಗೆ ಸಿಟ್ಟು ಬರುತ್ತದೆ. ಜಾಝ್‌ನ ದಿಗ್ಗಜರಾದ ಮೈಲ್ಸ್ ಡೇವಿಸ್, ಡ್ಯೂಕ್ ಎಲಿಂಗ್ಟನ್ ಇಬ್ಬರೂ ಆ ವರ್ಷ ಅಲ್ಲಿ ನುಡಿಸಿದ್ದರು. ಚಿತ್ರದಲ್ಲಿ ಇಬ್ಬರೂ ಇಲ್ಲ.

ಮಂಕ್ ಅವರನ್ನು ಸರಿಯಾಗಿ ನೋಡಬೇಕಾದರೆ ಶಾರ್ಲಟ್ ಝ್ವೆರಿನ್ ಅವರ 1988ರ 'ಸ್ಟ್ರೇಟ್, ನೋ ಚೇಸರ್' ನೋಡಿ. ಅದರ ಜೀವಾಳ 1967-68ರಲ್ಲಿ ಮಂಕ್ ಜೊತೆಗೇ ಓಡಾಡಿ ತೆಗೆದ ಕಪ್ಪು-ಬಿಳುಪು ಚಿತ್ರಗಳು. ನುಡಿಸುತ್ತಿದ್ದವರು ಎದ್ದು ನಿಂತಲ್ಲೇ ಗಿರಗಿರ ಸುತ್ತುತ್ತಾರೆ. ಉಂಗುರ ತೊಟ್ಟ ಬೆರಳುಗಳನ್ನು ನೀಟಾಗಿ ಚಾಚಿ ಪಿಯಾನೊದ ಕೀ ಒತ್ತುತ್ತಾರೆ. ಆ ಕೈ ನೋಡಿದ ಮೇಲೆ ಅವರ ಸ್ವರಗಳು ಬೇರೆಯೇ ಆಗಿ ಕೇಳುತ್ತವೆ.

ಇನ್ನೊಂದು ಮಾತು. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಅವರ ಜೊತೆ ಗೋಪಾಲನಾಥ್ ವೇದಿಕೆಯಲ್ಲಿ ನುಡಿಸಿದ್ದರು. 2008ರಲ್ಲಿ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಂತಪ್ಪ ಅವರ ಜೊತೆ 'ಕಿನ್ಸ್‌ಮೆನ್' ಆಲ್ಬಮ್ ಬಂತು. ನಿಮಗೆ ಪರಿಚಯದ ನಾದ ಜಾಝ್ ಜೊತೆ ಹೇಗೆ ಕೂಡುತ್ತದೆ ಅಂತ ಅದರಲ್ಲಿ ಕೇಳಿ.

ಪ್ರಶ್ನೆ: ಹಳೆಯ ಬ್ಲೂಸ್ ಗಾಯಕರ ಚಿತ್ರೀಕರಣ ಯಾಕಿಷ್ಟು ಕಡಿಮೆ? ಇರುವುದರಲ್ಲಿ ತಪ್ಪದೆ ನೋಡಬೇಕಾದ್ದು ಯಾವುದು? (ಓದುಗರು, ಉಡುಪಿ)

ಆಗಿನ ರೆಕಾರ್ಡ್ ಕಂಪೆನಿಗಳು ಈ ಹಾಡುಗಳನ್ನು ಬೇರೆ ಪಟ್ಟಿ ಮಾಡಿ ಕಪ್ಪು ಜನರಿಗೆ ಮಾತ್ರ ಅಂತ ಮಾರುತ್ತಿದ್ದವು. ಸಿನಿಮಾದವರಂತೂ ಈ ಕಡೆ ತಿರುಗಿ ನೋಡಿದ್ದೇ ಅಪರೂಪ. ಬೆಸ್ಸಿ ಸ್ಮಿತ್ ಅಷ್ಟು ಜನಪ್ರಿಯರಾಗಿದ್ದರೂ ಅವರದ್ದು ಉಳಿದಿರುವುದು 1929ರ ಸುಮಾರು 16 ನಿಮಿಷದ ಒಂದೇ ಚಿತ್ರ. ರಾಬರ್ಟ್ ಜಾನ್ಸನ್ 29 ಹಾಡು ರೆಕಾರ್ಡ್ ಮಾಡಿ 1938ರಲ್ಲಿ 27ನೇ ವಯಸ್ಸಿಗೆ ತೀರಿಕೊಂಡರು. ಅವರು ಹಾಡುವ ಒಂದು ತುಣುಕೂ ನಮಗಿಲ್ಲ. ಈ ನಷ್ಟ ನೆನೆದರೆ ಸಂಕಟವಾಗುತ್ತದೆ.

1960ರ ದಶಕದಲ್ಲಿ ಉಳಿದ ಬ್ಲೂಸ್ ಗಾಯಕರನ್ನು ಕರೆಸಿ ಗೌರವದಿಂದ ಚಿತ್ರೀಕರಿಸಿದ್ದು ಯುರೋಪಿನ ಟಿವಿಗಳು. ತಪ್ಪದೆ ನೋಡಬೇಕಾದ್ದು ಅದರಲ್ಲೇ ಇದೆ. 1964ರ ಮೇ ತಿಂಗಳು, ಮ್ಯಾಂಚೆಸ್ಟರ್‌ನ ಒಂದು ಹಾಳುಬಿದ್ದ ರೈಲು ನಿಲ್ದಾಣ. ಒಂದು ಪ್ಲಾಟ್‌ಫಾರ್ಮಿನಲ್ಲಿ ಕಲಾವಿದರು, ಹಳಿಯಾಚೆ ಇನ್ನೊಂದರಲ್ಲಿ ಪ್ರೇಕ್ಷಕರು. ಜೋರು ಮಳೆ ಬಂದಿದೆ. ಸಿಸ್ಟರ್ ರೊಸೆಟ್ಟಾ ಥಾರ್ಪ್ ಕುದುರೆ ಗಾಡಿಯಿಂದ ಇಳಿದು, ದಪ್ಪ ಕೋಟು ಹಾಕಿಕೊಂಡೇ ಬಿಳಿ ಎಲೆಕ್ಟ್ರಿಕ್ ಗಿಟಾರ್ ಕೊರಳಿಗೆ ಹಾಕಿ 'ಡಿಡಂಟ್ ಇಟ್ ರೇನ್' ಹಾಡುತ್ತಾರೆ. ಮಳೆಯನ್ನೇ ಹಾಡುವ ಹಾಡು ಅದು. ನಮ್ಮ ಕಡೆಯವರಿಗೆ ಅದರ ರುಚಿ ಬೇಗ ಸಿಗುತ್ತದೆ. ಆಕೆ ಮೂಲತಃ ಭಕ್ತಿಗೀತೆಯ ಗಾಯಕಿ. ಆದರೆ ಆ ಗಿಟಾರ್ ಕೇಳಿ, ಬ್ಲೂಸ್ ತುಂಬಿಕೊಂಡಿದೆ.

ಪ್ರಶ್ನೆ: ನನ್ನ ಮಾವ ಜಾತ್ರೆ, ಮದುವೆಗಳಲ್ಲಿ ಸ್ಯಾಕ್ಸೋಫೋನ್ ನುಡಿಸುತ್ತಿದ್ದವರು. ಈಗ ವಯಸ್ಸಾಗಿದೆ. ಅವರ ವಾದನದ ವಿಡಿಯೋ ಮಾಡಬೇಕು. ಫೋನ್ ಸಾಕಾ? (ಓದುಗರು, ಸುರತ್ಕಲ್)

ಫೋನ್ ಸಾಕು, ತಡ ಮಾಡಬೇಡಿ. ಮೆರವಣಿಗೆಯಲ್ಲಿ ಬೇಡ, ಗರ್ನಾಲಿನ ಸದ್ದಿಗೆ ಏನೂ ಉಳಿಯುವುದಿಲ್ಲ. ಮನೆಯ ಚಾವಡಿಯಲ್ಲಿ ಕೂರಿಸಿ. ಫ್ಯಾನ್ ಆಫ್ ಮಾಡಿ. ವಾದ್ಯದ ಬಾಯಿ ಫೋನಿಗೆ ನೇರವಾಗಿ ಬೇಡ, ಸ್ವಲ್ಪ ಓರೆಯಾಗಿರಲಿ, ಇಲ್ಲದಿದ್ದರೆ ಧ್ವನಿ ಒಡೆಯುತ್ತದೆ.

ಧ್ವನಿಗೆ ಬೇರೆ ರೆಕಾರ್ಡರ್ ಇಟ್ಟರೆ, ಪ್ರತಿ ಕೀರ್ತನೆಗೆ ಮೊದಲು ಕ್ಯಾಮೆರಾ ಎದುರು ಒಂದು ಚಪ್ಪಾಳೆ ತಟ್ಟಿ. ಆಮೇಲೆ ಚಿತ್ರಕ್ಕೂ ಧ್ವನಿಗೂ ತಾಳೆ ಹಾಕಲು ಅದೇ ಗುರುತು. ಆ ಗುರುತು ಇಲ್ಲದಿದ್ದರೆ ಏನಾಗುತ್ತದೆ ಅಂತ ನೋಡಿ. 1972ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಒಂದು ಚರ್ಚ್‌ನಲ್ಲಿ ಅಮೆರಿಕದ ಗಾಯಕಿ ಅರೀಥಾ ಫ್ರಾಂಕ್ಲಿನ್ ಎರಡು ರಾತ್ರಿ ಹಾಡಿದರು. ಚಿತ್ರೀಕರಿಸಿದವರು ಸಿಡ್ನಿ ಪೊಲಾಕ್, ಹೆಸರಾಂತ ಸಿನಿಮಾ ನಿರ್ದೇಶಕ. ಕ್ಲ್ಯಾಪ್ ಹೊಡೆಯಲಿಲ್ಲ. ಧ್ವನಿ ಕೂಡಿಸಲಾಗದೆ ರೀಲುಗಳು ಮೂಲೆ ಸೇರಿದವು. ಆಲ್ಬಮ್ ಅದೇ ವರ್ಷ ಬಂತು. ಚಿತ್ರ ತೆರೆ ಕಂಡದ್ದು 2018ರಲ್ಲಿ, ಆಕೆ ತೀರಿಕೊಂಡ ಮೇಲೆ.

ಮಾವನ ಜೊತೆ ಡೋಲು ಬಾರಿಸುತ್ತಿದ್ದವರು ಇದ್ದರೆ ಅವರನ್ನೂ ಕರೆಯಿರಿ. ಇಬ್ಬರ ಮುಖವೂ ಚೌಕಟ್ಟಿನೊಳಗೆ ಇರಲಿ. ನುಡಿಸುವುದು ಪೂರ್ತಿ ನಿಲ್ಲುವ ತನಕ ಫೋನ್ ಮುಟ್ಟಬೇಡಿ.