ಬಲಗೈಯವರಿಗೆ ಎಡಗಣ್ಣು ಪ್ರಬಲವಾದರೆ: ಮೊದಲ ರೈಫಲ್ ಯಾವುದು?

ಪ್ರಶ್ನೆ: ನನಗೆ 24 ವರ್ಷ. ಕಾಲೇಜಿನಲ್ಲಿದ್ದಾಗ ಎನ್‌ಸಿಸಿಯಲ್ಲಿ .22 ರೈಫಲ್ ಹಾರಿಸಿದ್ದೆ. ಬರೆಯುವುದು, ಉಣ್ಣುವುದು, ಚೆಂಡು ಎಸೆಯುವುದು ಎಲ್ಲವೂ ಬಲಗೈಯಲ್ಲೇ. ಆದರೆ ಗುರಿ ಹಿಡಿಯುವಾಗ ಎಡಗಣ್ಣು ಮುಚ್ಚುವುದೇ ನನಗೆ ಕಷ್ಟವಾಗುತ್ತಿತ್ತು. ತೆರೆದರೆ ಫೋರ್‌ಸೈಟ್ (ನಳಿಗೆಯ ತುದಿಯಲ್ಲಿರುವ ಗುರಿಗುರುತು) ಎರಡಾಗಿ ಕಾಣುತ್ತಿತ್ತು. ಈಚೆಗೆ ಪರಿಚಿತರೊಬ್ಬರು ಪರೀಕ್ಷಿಸಿ, ನಿನ್ನ ಎಡಗಣ್ಣೇ ಪ್ರಬಲ ಎಂದರು. ಸ್ವಂತಕ್ಕೆ ಒಂದು ಸೆಮಿ ಆಟೋಮ್ಯಾಟಿಕ್ ರೈಫಲ್ (ಗುಂಡು ಹಾರಿದೊಡನೆ ಮುಂದಿನ ತೋಟಾ ತಾನಾಗಿಯೇ ತುಂಬಿಕೊಳ್ಳುವಂಥದ್ದು) ಕೊಂಡು ಗುರಿ ಅಭ್ಯಾಸ ಮುಂದುವರಿಸುವ ಆಸೆಯಿದೆ. ಬೋಲ್ಟ್ (ತೋಟಾ ತುಂಬಲು ಕೈಯಿಂದ ಎಳೆಯುವ ಸನ್ನೆ) ಎಳೆಯುವ ಗೋಜಿಲ್ಲದ ಕಾರಣ ಎಡ ಹೆಗಲಿಗೂ ಅದೇ ಅನುಕೂಲವೆಂದು ವಿಡಿಯೊಗಳಲ್ಲಿ ಹೇಳುತ್ತಾರೆ. ಯಾವುದನ್ನು ಕೊಳ್ಳಲಿ? ಇದು ಮೆಳ್ಳಗಣ್ಣಿನ ಲಕ್ಷಣವಿರಬಹುದೆಂದು ಮನೆಯಲ್ಲಿ ಆತಂಕ ಪಡುತ್ತಿದ್ದಾರೆ. ಅದು ನಿಜವೇ?
— ಹೆಸರು ಬೇಡ, ಬಳ್ಳಾರಿ

ಉತ್ತರ: ಮನೆಯವರ ಆತಂಕವನ್ನು ಮೊದಲು ನಿವಾರಿಸೋಣ. ಮೆಳ್ಳಗಣ್ಣಿನಲ್ಲಿ ಎರಡು ಕಣ್ಣುಗಳು ಒಂದೇ ಕಡೆಗೆ ನೆಟ್ಟಿರುವುದಿಲ್ಲ. ನಿಮ್ಮ ವಿಷಯದಲ್ಲಿ ಎರಡೂ ನೇರವಾಗಿಯೇ ನೋಡುತ್ತವೆ; ಮಿದುಳು ಮಾತ್ರ ವಸ್ತುವಿನ ಜಾಗವನ್ನು ಗೊತ್ತುಮಾಡುವಾಗ ಎಡಗಣ್ಣಿನ ನೋಟಕ್ಕೆ ಹೆಚ್ಚಿನ ಬೆಲೆ ಕೊಡುತ್ತದೆ. ಜನರಲ್ಲಿ ಸುಮಾರು ಮೂರನೆಯ ಎರಡು ಪಾಲಿನಷ್ಟು ಮಂದಿಗೆ ಬಲಗಣ್ಣು ಪ್ರಬಲವಾಗಿದ್ದರೆ, ಬಲಗೈ ಬಳಸುವವರು ಹತ್ತರಲ್ಲಿ ಒಂಬತ್ತು ಮಂದಿ. ಈ ಎರಡು ಲೆಕ್ಕಗಳ ನಡುವಿನ ಅಂತರದಲ್ಲಿ ನಿಮ್ಮಂಥವರು ಬಹಳ ಜನರಿದ್ದಾರೆ, ಆದರೆ ಬಂದೂಕನ್ನೋ ಬಿಲ್ಲನ್ನೋ ಹಿಡಿಯುವವರೆಗೆ ಅದು ಅವರ ಗಮನಕ್ಕೇ ಬರುವುದಿಲ್ಲ. ಪ್ರಬಲವಾದ ಕಣ್ಣೇ ಹೆಚ್ಚು ಸ್ಪಷ್ಟವಾಗಿ ಕಾಣುವ ಕಣ್ಣಾಗಿರಬೇಕೆಂದೂ ಇಲ್ಲ. ಆದರೂ ರೈಫಲ್ ಕೊಳ್ಳುವ ಮೊದಲು ಒಮ್ಮೆ ಕಣ್ಣಿನ ವೈದ್ಯರಲ್ಲಿ ದೃಷ್ಟಿ ಪರೀಕ್ಷೆ ಮಾಡಿಸಿ. ಬಲಗಣ್ಣಿಗೆ ಕನ್ನಡಕ ಬೇಕಿದ್ದು ಅದು ಇಷ್ಟು ದಿನ ಗೊತ್ತಾಗದೆ ಉಳಿದಿದ್ದರೆ, ಎಡಗಣ್ಣಿನ ಈ ಪ್ರಾಬಲ್ಯಕ್ಕೆ ಅದೂ ಒಂದು ಕಾರಣವಾಗಿರಬಹುದು.

ಪರಿಚಿತರು ಮಾಡಿದ ಪರೀಕ್ಷೆಯನ್ನು ನೀವೇ ಇನ್ನೊಮ್ಮೆ ಮಾಡಿ ನೋಡಿ. ಮಾಳಿಗೆ ಹತ್ತಿ, ಕೋಟೆ ಗುಡ್ಡದ ಮೇಲಿನ ಒಂದು ಬುರುಜನ್ನು ಆರಿಸಿಕೊಳ್ಳಿ. ಎರಡೂ ತೋಳುಗಳನ್ನು ಪೂರ್ತಿ ಮುಂದಕ್ಕೆ ಚಾಚಿ, ಅಂಗೈಗಳನ್ನು ಒಂದರ ಮೇಲೊಂದು ಸೇರಿಸಿ ನಡುವೆ ರೂಪಾಯಿ ನಾಣ್ಯದಷ್ಟು ಸಂದು ಬಿಟ್ಟು, ಎರಡೂ ಕಣ್ಣು ತೆರೆದು ಆ ಸಂದಿನಲ್ಲಿ ಬುರುಜನ್ನು ಹಿಡಿಯಿರಿ. ನೋಟ ಕದಲಿಸದೆ ಕೈಗಳನ್ನು ನಿಧಾನವಾಗಿ ಮುಖದ ಕಡೆಗೆ ತಂದರೆ ಸಂದು ತಾನಾಗಿಯೇ ಒಂದು ಕಣ್ಣಿನ ಮುಂದೆ ಬಂದು ನಿಲ್ಲುತ್ತದೆ. ಬೆರಳು ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡುವ ವಿಧಾನ ಇದಕ್ಕಿಂತ ಹಳೆಯದು. ಇಟಲಿಯ ಪೋರ್ಟಾ ಎಂಬ ವಿದ್ವಾಂಸ ಅದನ್ನು 1593ರಲ್ಲೇ ವಿವರಿಸಿದ್ದ. ಬೇರೆ ಬೇರೆ ಹೊತ್ತಿನಲ್ಲಿ, ಮುಖ ನೇರವಾಗಿಟ್ಟುಕೊಂಡೇ ಹಲವು ಸಲ ಮಾಡಿ. ನೋಟವನ್ನು ತೀರಾ ಪಕ್ಕಕ್ಕೆ ಹೊರಳಿಸಿದರೆ ಪ್ರಾಬಲ್ಯವೂ ಆ ಪಕ್ಕದ ಕಣ್ಣಿಗೆ ಹೊರಳಬಹುದು. ಪ್ರತಿ ಸಲವೂ ಎಡಗಣ್ಣೇ ಬಂದರೆ ಅನುಮಾನಕ್ಕೆ ಎಡೆಯಿಲ್ಲ. ಒಮ್ಮೆ ಎಡ, ಒಮ್ಮೆ ಬಲ ಎಂದಾದರೆ ಪ್ರಾಬಲ್ಯ ದುರ್ಬಲವಾಗಿದೆ ಎಂದರ್ಥ; ಆಗ ನೀವು ಬಲ ಹೆಗಲಿನಲ್ಲೇ ನೆಮ್ಮದಿಯಾಗಿ ಮುಂದುವರಿಯಬಹುದು.

ಇನ್ನು ಸೆಮಿ ಆಟೋಮ್ಯಾಟಿಕ್‌ನ ಮಾತು. ನೀವು ನೋಡುವ ವಿಡಿಯೊಗಳು ಬಹುತೇಕ ಅಮೆರಿಕದವು, ಅಲ್ಲಿನ ಕಾನೂನೇ ಬೇರೆ. ನಮ್ಮಲ್ಲಿ 1959ರ ಆಯುಧ ಕಾಯ್ದೆ ಮತ್ತು ಅದರಡಿ ಬಂದ 2016ರ ಆಯುಧ ನಿಯಮಗಳ ಪ್ರಕಾರ, ಪಿಸ್ತೂಲು ವರ್ಗವನ್ನು ಬಿಟ್ಟರೆ ಸೆಮಿ ಆಟೋಮ್ಯಾಟಿಕ್ ಬಂದೂಕುಗಳು ಮೊದಲನೆಯ ವರ್ಗಕ್ಕೆ ಸೇರುತ್ತವೆ. ಅದರ ಪರವಾನಗಿ ಕೇಂದ್ರ ಗೃಹ ಸಚಿವಾಲಯದ ಕೈಯಲ್ಲಿದೆಯೇ ಹೊರತು ಬಳ್ಳಾರಿಯ ಜಿಲ್ಲಾಧಿಕಾರಿಗಳ ಕೈಯಲ್ಲಿಲ್ಲ. ಹವ್ಯಾಸಕ್ಕೆಂದು ಕೇಳುವ ಸಾಮಾನ್ಯ ನಾಗರಿಕನಿಗೆ ಅದು ಸಿಗುತ್ತದೆಂದು ನಂಬಿ ಮುಂಗಡ ಹಣ ಕೊಡಬೇಡಿ. ಕೊಡಿಸುತ್ತೇನೆ ಎಂದು ಯಾರಾದರೂ ಮುಂದೆ ಬಂದರೆ ಅವರಿಂದ ದೂರವಿರುವುದೇ ಕ್ಷೇಮ.

ಕಾನೂನು ಬದಿಗಿಟ್ಟು ಯಂತ್ರವನ್ನಷ್ಟೇ ನೋಡಿದರೂ ವಿಡಿಯೊದವರ ಮಾತು ಅರ್ಧ ನಿಜ. ಬೋಲ್ಟ್ ಎಳೆಯುವ ಕೆಲಸ ತಪ್ಪುತ್ತದೆ, ಒಪ್ಪೋಣ. ಆದರೆ ಸಾಮಾನ್ಯ ಸೆಮಿ ಆಟೋಮ್ಯಾಟಿಕ್ ರೈಫಲ್ ಗುಂಡು ಹಾರಿದ ಕೂಡಲೇ ಖಾಲಿ ತೋಟಾವನ್ನು ಬಲಬದಿಯ ಕಿಂಡಿಯಿಂದ ಹೊರಗೆಸೆಯುತ್ತದೆ. ಬಲ ಹೆಗಲಿನವನಿಗೆ ಅದು ಮುಖದಿಂದ ಆಚೆ ಹೋಗುತ್ತದೆ. ಎಡ ಹೆಗಲಿನವನಿಗೆ ಮೂಗಿನ ಮುಂದೆಯೇ, ಬಲತೋಳಿನ ಮೇಲೆ ಹಾದುಹೋಗುತ್ತದೆ, ಜೊತೆಗೆ ಬಿಸಿ ಗಾಳಿ ಮತ್ತು ಮದ್ದಿನ ಕಣಗಳು ಕಣ್ಣಿನ ಕಡೆಗೆ ಬರುತ್ತವೆ. ಹಿಂಬದಿಯಲ್ಲೇ ಮ್ಯಾಗಜೀನ್ (ತೋಟಾಗಳನ್ನು ತುಂಬಿಡುವ ಪೆಟ್ಟಿಗೆ) ಇರುವ ಗಿಡ್ಡ ಮಾದರಿಗಳಲ್ಲಿ ಕಿಂಡಿ ಕೆನ್ನೆಯ ಪಕ್ಕಕ್ಕೇ ಬರುವುದರಿಂದ, ಕಿಂಡಿಯನ್ನು ಎಡಕ್ಕೆ ಬದಲಿಸಲಾಗದ ಮಾದರಿಯನ್ನು ಎಡ ಹೆಗಲಿಗೆ ಹಿಡಿಯಲೇಬಾರದು. ಸೇಫ್ಟಿ ಗುಂಡಿಯೂ ಅನೇಕ ಮಾದರಿಗಳಲ್ಲಿ ಬಲಗೈಯವರ ಬೆರಳಿಗೆಂದೇ ಕೂರಿಸಿದ್ದಾಗಿರುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನಿಮಗೆ ಸ್ಪರ್ಧೆಯ ಆಸೆಯಿದ್ದರೆ ಈ ರೈಫಲ್ ಅಲ್ಲಿ ಉಪಯೋಗಕ್ಕೇ ಬರುವುದಿಲ್ಲ. ಒಲಿಂಪಿಕ್ಸ್‌ನ ರೈಫಲ್ ಸ್ಪರ್ಧೆಗಳಲ್ಲಿ ಪ್ರತಿ ಗುಂಡನ್ನೂ ಕೈಯಿಂದಲೇ ತುಂಬಬೇಕು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಅಂಥ 10 ಮೀಟರ್ ಏರ್ ರೈಫಲ್‌ನಲ್ಲಿ. 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯ .22 ರೈಫಲ್ ಕೂಡ ಒಂದೊಂದೇ ತೋಟಾ ತುಂಬುವಂಥದ್ದು.

ಆದ್ದರಿಂದ ನನ್ನ ಸಲಹೆ ಇಷ್ಟೇ: ಮೊದಲು ಹೆಗಲನ್ನು ನಿರ್ಧರಿಸಿ, ಆಮೇಲೆ ರೈಫಲ್ ನೋಡಿ. ನಿಮ್ಮದು ಎನ್‌ಸಿಸಿಯ ಅಲ್ಪ ಅಭ್ಯಾಸ, ಇನ್ನೂ ಬೇರೂರಿಲ್ಲ. ಪರೀಕ್ಷೆಯಲ್ಲಿ ಎಡಗಣ್ಣು ನಿಸ್ಸಂದೇಹವಾಗಿ ಪ್ರಬಲವೆಂದು ಕಂಡರೆ ಎಡ ಹೆಗಲಿಗೆ ಬದಲಾಯಿಸಿಕೊಳ್ಳುವುದೇ ಉತ್ತಮವೆಂದು ನಾನು ತಿಳಿಯುತ್ತೇನೆ. ರೈಫಲ್ ಹಿಡಿತದಲ್ಲಿ ಕೈಗಳಿಗಿಂತ ಮೂಳೆಗಳ ಆಧಾರ ದೊಡ್ಡದು. ಎಡತೋರುಬೆರಳಿಗೆ ಟ್ರಿಗರ್ ಒತ್ತುವುದನ್ನು ಕಲಿಸುವುದು, ಬಲಗಣ್ಣಿಗೆ ಯಜಮಾನಿಕೆ ಕಲಿಸುವುದಕ್ಕಿಂತ ಬಹಳ ಸುಲಭ. ಮೊದಮೊದಲು ಚಪ್ಪಲಿ ಅದಲುಬದಲಾದಂತೆ ಅನ್ನಿಸುತ್ತದೆ. ಅದಕ್ಕೆ ಹೆದರಬೇಡಿ.

ಕೊಳ್ಳುವುದಾದರೆ 4.5 ಮಿಲಿಮೀಟರ್ ಅಂದರೆ .177 ಬೋರಿನ (ನಳಿಗೆಯ ಒಳವ್ಯಾಸದ) ಏರ್ ರೈಫಲ್ ಕೊಳ್ಳಿ. ಈ ಬೋರು ಮೀರದ, ನಳಿಗೆಯ ಬಾಯಲ್ಲಿ 20 ಜೌಲ್‌ಗಿಂತ ಹೆಚ್ಚಿನ ಶಕ್ತಿಯಿಲ್ಲದ ಏರ್ ರೈಫಲ್‌ಗೆ ನಮ್ಮಲ್ಲಿ ಪರವಾನಗಿ ಬೇಕಿಲ್ಲ. ಗುರುತಿನ ದಾಖಲೆ ಕೊಟ್ಟು ಕೊಳ್ಳಿ, ಖರೀದಿಯ ರಸೀದಿಯನ್ನು ಜೋಪಾನವಾಗಿಡಿ. ನಳಿಗೆ ಮುರಿದು ತುಂಬುವ ಸ್ಪ್ರಿಂಗ್ ಮಾದರಿ ಅಗ್ಗ, ಎರಡೂ ಹೆಗಲಿಗೆ ಸಮ. ಆದರೆ ಒಳಗಿನ ಪಿಸ್ಟನ್ ಹಿಂದೆ ಮುಂದೆ ಕುಲುಕುವುದರಿಂದ ಹಿಡಿತದ ಸಣ್ಣ ವ್ಯತ್ಯಾಸವೂ ಗುರಿಯ ಮೇಲೆ ಎದ್ದು ಕಾಣುತ್ತದೆ, ಕಲಿಯುವವನಿಗೆ ತನ್ನ ತಪ್ಪು ಯಾವುದು, ರೈಫಲಿನದು ಯಾವುದು ಎಂಬುದೇ ತಿಳಿಯದಂತಾಗುತ್ತದೆ. ಪೆಲೆಟ್ (ಏರ್ ರೈಫಲ್ಲಿನ ಚಿಕ್ಕ ಗುಂಡು) ಇಲ್ಲದೆ ಅದನ್ನು ಹಾರಿಸಲೂಬಾರದು, ಪಿಸ್ಟನ್ ಹಾಳಾಗುತ್ತದೆ. ಕೈಯಲ್ಲಿ ಹಣವಿದ್ದರೆ ಮೊದಲೇ ಗಾಳಿ ತುಂಬಿಡುವ ಪಿಸಿಪಿ ಮಾದರಿ ಮೇಲು. ಅದರಲ್ಲಿ ಕೆನ್ನೆ ಒರಗಿಸುವ ಭಾಗ ಎರಡೂ ಬದಿಗೆ ಸಮನಾಗಿದೆಯೇ ಅಥವಾ ತಿರುಗಿಸಿ ಕೂರಿಸಲು ಬರುತ್ತದೆಯೇ, ಹಿಡಿ ಎಡ ಅಂಗೈಗೆ ಹೊಂದುತ್ತದೆಯೇ, ತುಂಬುವ ಸನ್ನೆ ಯಾವ ಬದಿಯಲ್ಲಿದೆ ಎಂದು ಕೈಯಲ್ಲಿ ಹಿಡಿದೇ ನೋಡಿ. ಫೀನ್‌ವೆರ್ಕ್‌ಬಾವ್, ವಾಲ್ಟರ್‌ಗಳಂಥ ಜರ್ಮನ್ ಸ್ಪರ್ಧಾ ರೈಫಲ್‌ಗಳಲ್ಲಿ ಎಡಗೈಯವರಿಗೆಂದೇ ಮಾಡಿದವು ದೊರೆಯುತ್ತವೆ, ಆದರೆ ಅವುಗಳ ಬೆಲೆ ಮೊದಲ ರೈಫಲಿಗೆ ತಕ್ಕದ್ದಲ್ಲ. ಸಾಧ್ಯವಾದರೆ ಕೊಳ್ಳುವ ಮೊದಲು ಯಾವುದಾದರೂ ರೈಫಲ್ ಕ್ಲಬ್ಬಿನಲ್ಲಿ ಎಡ ಹೆಗಲಿಗೆ ಹಿಡಿದು ಅಭ್ಯಾಸ ಮಾಡಿ ನೋಡಿ. ನಮ್ಮ ಊರಿನ ಬೇಸಿಗೆಗೆ ಒಂದು ಎಚ್ಚರಿಕೆ: ಪಿಸಿಪಿ ರೈಫಲಿನ 200 ಬಾರ್ ಒತ್ತಡದ ಗಾಳಿ ತುಂಬಿದ ಸಿಲಿಂಡರನ್ನು ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ.

ಏರ್ ರೈಫಲ್ ಆಟಿಕೆಯೆಂದು ಮೂಗು ಮುರಿಯುವವರಿಗೆ ಗುರಿಹಲಗೆಯೇ ಉತ್ತರ ಕೊಡುತ್ತದೆ. ಅದರ ನಡುವಿನ ಹತ್ತು ಅಂಕದ ಚುಕ್ಕಿಯ ವ್ಯಾಸ ಅರ್ಧ ಮಿಲಿಮೀಟರ್, ಅಂದರೆ ಹಾರುವ ಪೆಲೆಟ್ಟಿನ ಒಂಬತ್ತನೆಯ ಒಂದು ಪಾಲು. ಅಲ್ಲಿ ಕೈ ಕುದುರಿದ ಮೇಲೆ .22 ಬೇಕೆನ್ನಿಸಿದರೆ ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಹಾಕಿ. 21 ವರ್ಷ ತುಂಬಿರುವುದರಿಂದ ವಯಸ್ಸಿನ ಅಡ್ಡಿಯಿಲ್ಲ. ಪೊಲೀಸ್ ವರದಿ ಆಗಬೇಕು, ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕು, ಚುನಾವಣೆ ಬಂದಾಗ ರೈಫಲನ್ನು ಠಾಣೆಯಲ್ಲಿ ಠೇವಣಿ ಇಡಬೇಕಾದೀತು. ಆಗಲೂ ಬೋಲ್ಟ್ ಬಲಕ್ಕಿರುವ ರೈಫಲ್ಲೇ ಸಿಕ್ಕಿದರೆ ಚಿಂತಿಸಬೇಡಿ, ಒಂದೊಂದೇ ತೋಟಾ ತುಂಬುವಲ್ಲಿ ಅವಸರವೇನೂ ಇರುವುದಿಲ್ಲ.

ಪ್ರಶ್ನೆ: ನಾನು ದೈಹಿಕ ಶಿಕ್ಷಣ ಶಿಕ್ಷಕ. ನಮ್ಮ ಶಾಲೆಯ 15 ವರ್ಷದ ವಿದ್ಯಾರ್ಥಿನಿ ಮೂರು ವರ್ಷದಿಂದ ಬಲ ಹೆಗಲಿನಿಂದ ಏರ್ ರೈಫಲ್ ಅಭ್ಯಾಸ ಮಾಡುತ್ತಿದ್ದಾಳೆ, ಜಿಲ್ಲಾ ಮಟ್ಟದಲ್ಲಿ ಬಹುಮಾನವನ್ನೂ ಪಡೆದಿದ್ದಾಳೆ. ಅವಳ ಎಡಗಣ್ಣು ಪ್ರಬಲವೆಂದು ಈಗ ತಿಳಿಯಿತು. ಎಡ ಹೆಗಲಿಗೆ ಬದಲಾಯಿಸಬೇಕೇ? ಎಡಗಣ್ಣಿಗೆ ಕಪ್ಪು ಪಟ್ಟಿ ಕಟ್ಟಬಹುದೇ?
— ಶಿಕ್ಷಕರು, ಗಂಗಾವತಿ

ಉತ್ತರ: ಬದಲಾಯಿಸಬೇಡಿ. ಮೇಲಿನ ಪತ್ರದವರಿಗೆ ಕೊಟ್ಟ ಸಲಹೆ ಹೊಸಬರಿಗೆ ಮಾತ್ರ ಸಲ್ಲುತ್ತದೆ. ಮೂರು ವರ್ಷ ಮೈಗೂಡಿದ ನಿಲುವನ್ನು ಕೆಡವಿ ಕಟ್ಟುವ ಅಗತ್ಯ ಈ ಹುಡುಗಿಗಿಲ್ಲ. ರಂಧ್ರದ ಮೂಲಕ ನೋಡುವ ಬ್ಯಾಕ್‌ಸೈಟ್ (ಕಣ್ಣಿನ ಹತ್ತಿರದ ಗುರಿಸಾಧನ) ಇರುವುದರಿಂದ ಗುರಿಯ ಚಿತ್ರ ಬಲಗಣ್ಣಿಗಷ್ಟೇ ಸಿಗುತ್ತದೆ. ಎಡಗಣ್ಣಿನ ಚಿತ್ರ ನಡುವೆ ನುಸುಳದಂತೆ ತಡೆದರೆ ಸಾಕು.

ಕಪ್ಪು ಪಟ್ಟಿ ಮಾತ್ರ ಬೇಡ. ಎರಡು ಕಣ್ಣುಗಳ ಪಾಪೆಗಳು ಜೊತೆಜೊತೆಯಾಗಿಯೇ ಹಿಗ್ಗಿ ಕುಗ್ಗುತ್ತವೆ. ಎಡಗಣ್ಣಿಗೆ ಕತ್ತಲೆ ಕವಿಸಿದರೆ ಬಲಗಣ್ಣಿನ ಪಾಪೆಯೂ ಸ್ವಲ್ಪ ಹಿಗ್ಗಿ, ನೋಟದ ತೀಕ್ಷ್ಣತೆ ಕುಂದುತ್ತದೆ. ಬಿಗಿಯಾಗಿ ಕಣ್ಣು ಮುಚ್ಚಿದರೆ ಇದರ ಜೊತೆಗೆ ಕೆನ್ನೆ, ಹುಬ್ಬುಗಳ ಸ್ನಾಯುಗಳೂ ಸೆಳೆದುಕೊಂಡು, ಅರವತ್ತು ಗುಂಡುಗಳ ಸರಣಿಯ ಕೊನೆಯ ಹೊತ್ತಿಗೆ ದಣಿವಾಗುತ್ತದೆ. ಅದರ ಬದಲು ಬೆಳಕು ಬರುವಂಥ, ಆದರೆ ಆಕಾರ ಕಾಣಿಸದಂಥ ಹಾಲುಬಣ್ಣದ ಪ್ಲಾಸ್ಟಿಕ್ ತುಂಡನ್ನು ಎಡಗಣ್ಣಿನ ಮುಂದೆ ನಿಲ್ಲಿಸಿ. ಬ್ಯಾಕ್‌ಸೈಟಿಗೆ ಸಿಕ್ಕಿಸುವುದಾದರೆ ಅಂತರರಾಷ್ಟ್ರೀಯ ನಿಯಮದಂತೆ ಅದರ ಎತ್ತರ 30 ಮಿಲಿಮೀಟರ್ ಮೀರಬಾರದು, ರಂಧ್ರದ ಮಧ್ಯದಿಂದ ಗುರಿ ಹಿಡಿಯದ ಕಣ್ಣಿನ ಕಡೆಗೆ 100 ಮಿಲಿಮೀಟರ್‌ಗಿಂತ ಆಚೆ ಚಾಚಬಾರದು. ಮೊಸರಿನ ಡಬ್ಬಿಯ ಮುಚ್ಚಳ ಕತ್ತರಿಸಿ ಮಾಡಿದರೂ ಕೆಲಸ ನಡೆಯುತ್ತದೆ.

ಬಲ ಹೆಗಲಿಗೆ ರೈಫಲ್ ಇಟ್ಟು ಎಡಗಣ್ಣಿನಿಂದಲೇ ನೋಡಲು ನೆರವಾಗುವ ಪ್ರಿಸಂ ಅಥವಾ ಕನ್ನಡಿಯ ಸಾಧನವನ್ನೂ ನಿಯಮ ಒಪ್ಪುತ್ತದೆ, ಅದರಲ್ಲಿ ಹಿಗ್ಗಿಸಿ ತೋರಿಸುವ ಮಸೂರ ಇರಬಾರದು ಅಷ್ಟೇ. ಬಲಗಣ್ಣಿನ ದೃಷ್ಟಿಯೇ ಮಂದವಾಗಿದ್ದರೆ ಮಾತ್ರ ಆ ದಾರಿಯನ್ನು ಯೋಚಿಸಿ.

ಪ್ರಶ್ನೆ: ವಯಸ್ಸು 66. ಪರವಾನಗಿ ಇರುವ ಹಳೆಯ 12 ಬೋರಿನ ಜೋಡುನಳಿಗೆ ಬಂದೂಕಿದೆ. ಮೊದಲಿಂದಲೂ ಎರಡು ಕಣ್ಣು ತೆರೆದೇ ಬಲ ಹೆಗಲಿನಿಂದ ಹಾರಿಸುತ್ತಿದ್ದೆ, ಗುರಿ ತಪ್ಪುತ್ತಿರಲಿಲ್ಲ. ಎಡಗಣ್ಣಿನ ಪೊರೆ ತೆಗೆಸಿದ ಮೇಲೆ ಏಟು ಎಡಕ್ಕೇ ಹೋಗುತ್ತಿದೆ. ಬಲಗಣ್ಣಿಗೆ ಇನ್ನೂ ಪೊರೆಯಿದೆ. ಬಟ್ (ಹೆಗಲಿಗೆ ಒರಗಿಸುವ ಮರದ ಹಿಂಭಾಗ) ಕೆತ್ತಿಸಿ ಸರಿಪಡಿಸಬಹುದೆಂದು ಬಡಗಿ ಹೇಳುತ್ತಾನೆ.
— ಹೆಸರು ಬೇಡ, ಸಿಂಧನೂರು

ಉತ್ತರ: ಬಂದೂಕಿನಲ್ಲಿ ದೋಷವಿಲ್ಲ. ಪೊರೆ ತೆಗೆದ ಎಡಗಣ್ಣು ಈಗ ಬೆಳಗಾಗಿರುವುದರಿಂದ ಪ್ರಾಬಲ್ಯ ಅದರ ಕಡೆಗೆ ಸರಿದಿರುವಂತಿದೆ. ನಳಿಗೆಯ ಹಿಂತುದಿ ಬಲಗಣ್ಣಿನ ಕೆಳಗಿದ್ದು, ಮುಂತುದಿಯ ಗುಂಡಿಯನ್ನು ಎಡಗಣ್ಣು ಗುರಿಗೆ ಸೇರಿಸಿದಾಗ ಇಡೀ ನಳಿಗೆ ಎಡಕ್ಕೆ ಓರೆಯಾಗುತ್ತದೆ, ಏಟೂ ಅತ್ತಲೇ ಹೋಗುತ್ತದೆ. ಸದ್ಯಕ್ಕೆ ಕನ್ನಡಕದ ಎಡಗಾಜಿನ ಮೇಲೆ, ಗುರಿ ಹಿಡಿದಾಗ ನಳಿಗೆಯ ತುದಿ ಕಾಣುವ ಜಾಗಕ್ಕೆ ಸರಿಯಾಗಿ, ಉಗುರಿನಷ್ಟು ಮಸುಕು ಟೇಪ್ ಅಂಟಿಸಿ. ಉಳಿದ ಗಾಜಿನಿಂದ ಸುತ್ತಲಿನದು ಕಾಣುತ್ತಲೇ ಇರುತ್ತದೆ. ಬಲಗಣ್ಣಿನ ಶಸ್ತ್ರಚಿಕಿತ್ಸೆಯೂ ಮುಗಿದು ಹೊಸ ನಂಬರಿನ ಕನ್ನಡಕ ಬಂದ ಮೇಲೆ, ಮೇಲೆ ಹೇಳಿದ ಅಂಗೈ ಪರೀಕ್ಷೆಯನ್ನು ಮಾಡಿ ನೋಡಿ. ಅಲ್ಲಿಯವರೆಗೆ ಬಡಗಿಯ ಕೈಗೆ ಬಂದೂಕು ಕೊಡಬೇಡಿ.