ನಿಮ್ಮ ಪ್ರಶ್ನೆ, ನನ್ನ ಉತ್ತರ: ಹವಳದ ಜ್ವರ ಅಳೆಯುವ ಉಪಗ್ರಹ

ಪ್ರಶ್ನೆ: ಮೇಡಂ, ನಾನು ಭೂಗೋಳಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿ ಯಾವುದಕ್ಕೆ ಅಪಾಯ ಹೆಚ್ಚು ಎಂದು ಉಪಗ್ರಹದ ದತ್ತಾಂಶದಿಂದ ಲೆಕ್ಕ ಹಾಕುವುದು ನನ್ನ ಪ್ರಾಜೆಕ್ಟ್. ಸಮುದ್ರದ ಉಷ್ಣತೆ, ನೀರಿನ ಕದಡು, ಕ್ಲೋರೋಫಿಲ್, ಗಾಳಿ, ಬಿಸಿಲು ಈ ಐದಕ್ಕೂ ಸಮನಾಗಿ ಅಂಕ ಕೊಟ್ಟು ಕೂಡಿಸಿದೆ. ಕೆಂಪು, ಹಳದಿ, ಹಸಿರು ಬಣ್ಣದ ಚೆಂದದ ನಕ್ಷೆ ಬಂತು. ಆದರೆ ನಾನು ಸಮುದ್ರ ಕಂಡದ್ದು ಒಂದೇ ಸಲ, ಅದೂ ಮಲ್ಪೆಯಲ್ಲಿ. ಬಾಡಿಗೆ ಕೋಣೆಯಲ್ಲಿ ಕುಳಿತು ಮಾಡಿದ ಈ ನಕ್ಷೆಯನ್ನು ನಂಬಬಹುದೇ?
— ಎಸ್. ಆರ್., ವಿಜಯನಗರ, ಬೆಂಗಳೂರು

ಉತ್ತರ: ನಿಮ್ಮ ಕೊನೆಯ ಸಾಲು ಓದಿ ಈ ಸಲದ ಪುಟದ ಬಹುಪಾಲನ್ನು ನಿಮಗೇ ಮೀಸಲಿಟ್ಟಿದ್ದೇನೆ. ನಾನೂ ಬೆಂಗಳೂರಿನಲ್ಲೇ ಕುಳಿತು ಮೂವತ್ತು ವರ್ಷ ಉಪಗ್ರಹ ಚಿತ್ರಗಳನ್ನು ಓದಿದವಳು. ಕಡಲು ನಮ್ಮಿಂದ ಸುಮಾರು ಮುನ್ನೂರು ಕಿಲೋಮೀಟರ್ ದೂರ. ಆ ದೂರದ ಅಳುಕು ನಿಮಗೆ ಈಗಲೇ ಹುಟ್ಟಿರುವುದು ಒಳ್ಳೆಯದೇ ಆಯಿತು.

ಮೊದಲು ನಂಬಬಹುದಾದದ್ದನ್ನು ಹೇಳುತ್ತೇನೆ. ಐದರಲ್ಲಿ ಉಷ್ಣತೆಯನ್ನು ನೀವು ಧೈರ್ಯವಾಗಿ ನಂಬಿ. ಹವಳ ಒಂದು ಪ್ರಾಣಿ. ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಅದಕ್ಕೆ ಊಟದ ಬಹುಪಾಲನ್ನೂ ಬಣ್ಣವನ್ನೂ ಕೊಡುತ್ತದೆ. ನೀರು ವಾರಗಟ್ಟಲೆ ಮಿತಿಮೀರಿ ಕಾದರೆ ಹವಳ ಆ ಪಾಚಿಯನ್ನು ಹೊರಹಾಕುತ್ತದೆ, ಒಳಗಿನ ಸುಣ್ಣದ ಗೂಡು ಬೆಳ್ಳಗೆ ಕಾಣುತ್ತದೆ. ಇದನ್ನೇ ಬಿಳಿಚುವುದು ಎನ್ನುತ್ತೇವೆ. ಬಿಳಿಚಿದ ಹವಳ ಸತ್ತ ಹವಳವಲ್ಲ. ನೀರು ಬೇಗ ತಣಿದರೆ ಪಾಚಿ ಮರಳಿ ಬರುತ್ತದೆ.

ಎಷ್ಟು ಕಾದರೆ ಮಿತಿಮೀರಿತು? ಕಡಲು, ಹವಾಮಾನಗಳನ್ನು ಗಮನಿಸುವ ಅಮೆರಿಕದ ನೋವಾ ಸಂಸ್ಥೆಯ ವಿಜ್ಞಾನಿಗಳು ಇದಕ್ಕೆ ಸರಳವಾದ ಲೆಕ್ಕ ಕಟ್ಟಿದ್ದಾರೆ. ಆಸ್ಪತ್ರೆಯಲ್ಲಿ ಹಾಸಿಗೆಯ ಕಾಲಿಗೆ ತೂಗುಹಾಕುವ ಜ್ವರದ ಪಟ್ಟಿ ನೆನಪಿಸಿಕೊಳ್ಳಿ. ಒಂದು ಜಾಗದಲ್ಲಿ ವರ್ಷದ ಅತಿ ಬಿಸಿ ತಿಂಗಳಿನ ಹಲವು ವರ್ಷಗಳ ಸರಾಸರಿ 29.5 ಡಿಗ್ರಿ ಎಂದಿಟ್ಟುಕೊಳ್ಳಿ. ಮೊದಲ ವಾರ ನೀರು 30 ಡಿಗ್ರಿ ಇತ್ತು. ಏರಿಕೆ ಅರ್ಧ ಡಿಗ್ರಿ ಮಾತ್ರ, ಒಂದು ಡಿಗ್ರಿಗಿಂತ ಕಡಿಮೆ, ಆದ್ದರಿಂದ ಲೆಕ್ಕಕ್ಕಿಲ್ಲ. ಎರಡನೇ ವಾರ 30.5, ಅಂದರೆ 1. ಮೂರನೇ ಮತ್ತು ನಾಲ್ಕನೇ ವಾರ 31, ಅಂದರೆ ತಲಾ 1.5. ಒಟ್ಟು 4. ಹೀಗೆ ಹನ್ನೆರಡು ವಾರಗಳ ಬಿಸಿಯನ್ನು ಕೂಡಿಸುತ್ತಾ ಹೋಗುತ್ತಾರೆ. ಮೊತ್ತ 4 ತಲುಪಿದರೆ ಬಿಳಿಚುವುದು ಶುರುವಾಗುವ ಸಂಭವ ಹೆಚ್ಚು. 8 ತಲುಪಿದರೆ ಸಾವುಗಳೂ ಕಾಣಿಸತೊಡಗುತ್ತವೆ. ಈ ಅಳತೆಪಟ್ಟಿ ಸಾಲದೆಂದು 2023ರ ಡಿಸೆಂಬರಿನಲ್ಲಿ ಅದಕ್ಕೆ ಇನ್ನೂ ಮೇಲಿನ ಹಂತಗಳನ್ನು ಸೇರಿಸಿ 20ರ ಆಚೆಗೂ ಎಳೆಯಬೇಕಾಯಿತು. ನಾಲ್ಕೇ ತಿಂಗಳಲ್ಲಿ, 2024ರ ಏಪ್ರಿಲಿನಲ್ಲಿ, ಜಗತ್ತಿನ ಹವಳಗಳು ನಾಲ್ಕನೇ ಬಾರಿ ಸಾಮೂಹಿಕವಾಗಿ ಬಿಳಿಚುತ್ತಿವೆ ಎಂದು ಘೋಷಿಸಿದರು. ಆ ವರ್ಷ ಲಕ್ಷದ್ವೀಪವೂ ತಪ್ಪಿಸಿಕೊಳ್ಳಲಿಲ್ಲ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ನಮ್ಮಲ್ಲಿ ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯೂ ಭಾರತದ ಹವಳಗಳಿಗೆ ಉಪಗ್ರಹದ ಉಷ್ಣತೆಯಿಂದಲೇ ಮುನ್ನೆಚ್ಚರಿಕೆ ಕೊಡುತ್ತದೆ. ಅದನ್ನೂ ನೋಡಿಕೊಳ್ಳಿ.

ಆದರೆ ಒಂದು ಜಾಗ್ರತೆ ಬೇಕು. ನೋವಾದ ಲೆಕ್ಕ ಐದು ಕಿಲೋಮೀಟರಿನ ಚೌಕಗಳಲ್ಲಿ ಬರುತ್ತದೆ. ಲಕ್ಷದ್ವೀಪದ ಕವರತ್ತಿ ದ್ವೀಪದ ಉದ್ದವೇ ಆರು ಕಿಲೋಮೀಟರ್ ದಾಟುವುದಿಲ್ಲ. ಲಗೂನಿನ, ಅಂದರೆ ದಿಬ್ಬದ ಒಳಗಿನ ಕೊಳದಂಥ ಜಾಗದ, ಮೊಣಕಾಲುದ್ದದ ಬೆಚ್ಚನೆಯ ನೀರೂ ದಿಬ್ಬದಾಚೆಯ ಆಳ ಕಡಲೂ ಒಂದೇ ಚೌಕದೊಳಗೆ ಸೇರಿಹೋಗಿರುತ್ತವೆ. ನಿಮ್ಮ ನಕ್ಷೆಯಲ್ಲಿ ಲಗೂನಿನ ಒಳಗೂ ಹೊರಗೂ ಒಂದೇ ಬಣ್ಣ ಬಂದಿದ್ದರೆ ಅದು ಹವಳದ ಗುಣವಲ್ಲ, ಚೌಕದ ಗುಣ. ಪ್ರಾಜೆಕ್ಟಿನಲ್ಲಿ ಇದನ್ನು ಮುಚ್ಚಿಡದೆ ಬರೆಯಿರಿ.

ಇನ್ನು ಹವಳವನ್ನೇ ಮೇಲಿನಿಂದ ನೋಡುವ ಮಾತು. ನೀರು ಕೆಂಪು ಬೆಳಕನ್ನು ಕೆಲವೇ ಮೀಟರುಗಳಲ್ಲಿ ನುಂಗಿಬಿಡುತ್ತದೆ, ಇನ್‌ಫ್ರಾರೆಡ್ಡನ್ನು ಮೇಲ್ಮೈಯಲ್ಲೇ ಮುಗಿಸುತ್ತದೆ. ಆಳಕ್ಕೆ ಇಳಿದು ಮರಳಿ ಬರುವುದು ಮುಖ್ಯವಾಗಿ ನೀಲಿ, ಸ್ವಲ್ಪ ಹಸಿರು. ಸೆಂಟಿನೆಲ್-2 ಉಪಗ್ರಹಜೋಡಿ ಐದು ದಿನಕ್ಕೊಮ್ಮೆ ಹತ್ತು ಮೀಟರಿನ ಪಿಕ್ಸೆಲ್ ಕೊಡುತ್ತದೆ, ಅದೂ ಉಚಿತವಾಗಿ. ಆ ಹತ್ತು ಮೀಟರಿನಲ್ಲಿ ಮರಳು, ಕಡಲಹುಲ್ಲು, ಮುರಿದ ಹವಳದ ಚೂರು, ಜೀವಂತ ಹವಳ ಎಲ್ಲವೂ ಬೆರೆತಿರುತ್ತವೆ.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಲೇಬೇಕು. 1998ರ ಬಿಸಿಯಲ್ಲಿ ಲಕ್ಷದ್ವೀಪದ ಹವಳಗಳು ತೀವ್ರವಾಗಿ ಬಿಳಿಚಿದ್ದವು. ಅದಾದ ಮೇಲಿನ ಚಿತ್ರದಲ್ಲಿ ಕಡಮತ್ ಲಗೂನಿನ ಒಂದು ಪಟ್ಟಿ ಮತ್ತೆ ಕಪ್ಪಾಗಿ ಕಾಣಿಸಿತು. ಬಿಳಿ ಹೋಗಿ ಕಪ್ಪು ಬಂದಿದೆ, ಅಂದರೆ ಬಣ್ಣ ಮರಳಿದೆ, ಹವಳ ಚೇತರಿಸಿಕೊಂಡಿದೆ ಎಂದು ನಾನು ನಕ್ಷೆಯಲ್ಲಿ ಹಸಿರು ತುಂಬಿದೆ. ಮುಂದಿನ ವರ್ಷ ಅಲ್ಲಿಗೆ ಹೋಗುವ ಅವಕಾಶ ಸಿಕ್ಕಿತು. ಕಡಮತ್ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ನಮ್ಮ ದೋಣಿಯವರು ಮಂಗಳೂರಿನ ಬಂದರಿಗೆ ಓಡಾಡಿ ಕನ್ನಡ ಕಲಿತಿದ್ದರು. ಮುಖಕ್ಕೆ ಗಾಜಿನ ಮುಸುಕು ಕಟ್ಟಿಕೊಂಡು ನೀರಿನಲ್ಲಿ ತಲೆ ಮುಳುಗಿಸಿದೆ. ಜಿಂಕೆಯ ಕೊಂಬಿನಂತೆ ಕವಲೊಡೆದ ಹವಳ, ಒಂದೊಂದು ಕವಲಿನ ಮೇಲೂ ಕಂದುಬಣ್ಣದ ನವಿರಾದ ರೋಮದಂಥ ಹೊದಿಕೆ, ಅಲೆ ಬಂದಾಗಲೆಲ್ಲ ಅದು ಒಂದೇ ಕಡೆಗೆ ಬಾಗುತ್ತಿತ್ತು. ಒಂದೇ ಒಂದು ಕವಲಿನ ತುದಿಯಲ್ಲಿ, ಉಗುರಿನಷ್ಟು ಜಾಗದಲ್ಲಿ, ತಿಳಿನೀಲಿ ಉಳಿದಿತ್ತು. ತಲೆ ಎತ್ತಿದಾಗ ದೋಣಿಯವರು ಹೇಳಿದರು: "ಅಕ್ಕಾ, ಅದೆಲ್ಲ ಸತ್ತಿದೆ. ಮೇಲಿರುವುದು ಪಾಚಿ."

ಸತ್ತ ಹವಳದ ಮೇಲೆ ಕೆಲವೇ ವಾರಗಳಲ್ಲಿ ಪಾಚಿ ಹಬ್ಬುತ್ತದೆ. ಮೇಲಿನಿಂದ ನೋಡುವವರಿಗೆ ಬದುಕಿರುವುದೂ ಕಪ್ಪು, ಪಾಚಿ ಹೊದ್ದ ಹೆಣವೂ ಕಪ್ಪು. ಬೆಂಗಳೂರಿಗೆ ಮರಳಿ ತಿದ್ದುಪಡಿ ಬರೆದುಕೊಟ್ಟೆ. ಆ ಹಸಿರು ಪಟ್ಟಿ ಮಾತ್ರ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಈಗ ನಿಮ್ಮ ಕೂಡಿಕೆಗೆ ಬರೋಣ. ಐದಕ್ಕೂ ಸಮ ಅಂಕ ಕೊಡುವುದನ್ನು ನಾನು ಒಪ್ಪುವುದಿಲ್ಲ. ಬಿಸಿಗೆ ಹೆಚ್ಚು ತೂಕ ಬೇಕು. ಗಾಳಿಯನ್ನು ಬಿಸಿಯೊಂದಿಗೆ ಸೇರಿಸಿ ನೋಡಿ: ಏಪ್ರಿಲ್, ಮೇ ತಿಂಗಳಲ್ಲಿ ಗಾಳಿ ಬಿದ್ದುಹೋಗಿ ಕಡಲು ಕನ್ನಡಿಯಂತಾದರೆ ನೀರು ಕಲಕುವುದಿಲ್ಲ, ಬಿಸಿಲು ನೇರ ಆಳಕ್ಕಿಳಿಯುತ್ತದೆ, ಹವಳಕ್ಕೆ ಎರಡು ಏಟು ಒಟ್ಟಿಗೆ. ಕದಡಿನ ವಿಷಯ ಇನ್ನೂ ಸೂಕ್ಷ್ಮ. ಕದಡು ನೀರು ಹವಳದ ಮೇಲೆ ಕೆಸರು ಕೂರಿಸುತ್ತದೆ, ನಿಜ. ಆದರೆ ಉರಿಬಿಸಿಲಿನಲ್ಲಿ ನೆರಳನ್ನೂ ಕೊಡುತ್ತದೆ. ಗುಜರಾತಿನ ಕಚ್ಛ್ ಕೊಲ್ಲಿಯ ಹವಳಗಳು ಕೆಸರು ನೀರಿನಲ್ಲೇ, ಇಳಿತದ ಹೊತ್ತು ಗಾಳಿಗೆ ಮೈಯೊಡ್ಡಿಕೊಂಡು ಬದುಕಿವೆ. ತಿಳಿನೀರಿಗೆ ಒಗ್ಗಿದ ಲಕ್ಷದ್ವೀಪದ ಹವಳಕ್ಕೆ ಅಷ್ಟೇ ಕದಡು ಸಹಿಸಲಾಗದ ಹೊರೆ. ಒಂದೂರಿನ ಅಳತೆಗೋಲನ್ನು ಇನ್ನೊಂದೂರಿಗೆ ಒಯ್ಯಬೇಡಿ.

ನಂಬಿಕೆಯ ಪರೀಕ್ಷೆಗೆ ದಾರಿ ಇದೆ. ಲಕ್ಷದ್ವೀಪದಲ್ಲಿ 2010ರಲ್ಲೂ 2016ರಲ್ಲೂ ಹವಳ ಬಿಳಿಚಿತ್ತು. 2015ರವರೆಗಿನ ದತ್ತಾಂಶ ಮಾತ್ರ ಬಳಸಿ ನಕ್ಷೆ ಮಾಡಿ. ಆಮೇಲೆ 2016ರಲ್ಲಿ ನೀರಿಗಿಳಿದು ಎಣಿಸಿದವರ ವರದಿಗಳನ್ನು ಎದುರಿಗಿಟ್ಟುಕೊಂಡು ನೋಡಿ. ನೀವು ಕೆಂಪು ಹಚ್ಚಿದ ಕಡೆ ನಿಜವಾಗಿ ಹೆಚ್ಚು ಹಾನಿಯಾಗಿದೆಯೇ? ಆಗದಿದ್ದರೆ ತೂಕ ಬದಲಿಸಿ, ಯಾಕೆ ಬದಲಿಸಿದಿರಿ ಎಂಬುದನ್ನೂ ಬರೆಯಿರಿ.

ಲಕ್ಷದ್ವೀಪಕ್ಕೆ ಹೋಗಲು ಹಣವಿಲ್ಲದಿದ್ದರೆ ಬೇಸರಪಡಬೇಡಿ, ಚಿತ್ರವನ್ನು ಕಣ್ಣಾರೆ ಕಂಡದ್ದರೊಂದಿಗೆ ಹೋಲಿಸುವ ಅಭ್ಯಾಸವನ್ನು ಊರಿನ ಕೆರೆಯಲ್ಲೂ ಮಾಡಬಹುದು. ಇನ್‌ಫ್ರಾರೆಡ್ ಸೇರಿಸಿ ಮಾಡಿದ ಚಿತ್ರದಲ್ಲಿ ಗಿಡಗಳೆಲ್ಲ ಕೆಂಪಾಗಿ ಕಾಣುತ್ತವೆ ಎಂಬುದು ನಿಮಗೆ ಗೊತ್ತು. ಬೆಳ್ಳಂದೂರು ಕೆರೆಯ ಹಳೆಯ ಚಿತ್ರಗಳಲ್ಲಿ ಜಲಕಳೆ ತುಂಬಿದ ನೀರು ಗದ್ದೆಯಂತೆ ಕೆಂಪಗಿದೆ. ನಿಮ್ಮ ಮನೆಗೆ ಹತ್ತಿರದ ಒಂದು ಕೆರೆ ಆರಿಸಿಕೊಳ್ಳಿ, ಚಿತ್ರ ನೋಡಿ ಇಪ್ಪತ್ತು ಪಿಕ್ಸೆಲ್ಲುಗಳಿಗೆ ಹೆಸರು ಬರೆಯಿರಿ, ಆಮೇಲೆ ಬಸ್ ಹತ್ತಿ ಹೋಗಿ ದಡದಲ್ಲಿ ನಿಂತು ಎಷ್ಟು ಸರಿ ಎಂದು ಎಣಿಸಿ. ನಕ್ಷೆ ತಿದ್ದಿದ ಮೇಲೆ ನನಗೆ ಕಳುಹಿಸಿ, ಕುಳಿತು ನೋಡುತ್ತೇನೆ.

ಪ್ರಶ್ನೆ: ನನ್ನ ಮಾಂಗಲ್ಯ ಸರದಲ್ಲಿ ಕರಿಮಣಿಯ ಜೊತೆ ಹವಳವಿದೆ. ಇದೂ ಇದೇ ದಿಬ್ಬಗಳಿಂದ ಬಂದದ್ದೇ?
— ವಿ. ಎನ್., ಮಲ್ಲೇಶ್ವರ

ಉತ್ತರ: ಅಲ್ಲ. ಅಸಲಿ ಹವಳವಾಗಿದ್ದರೆ ಅದು ಬಹುಮಟ್ಟಿಗೆ ಮೆಡಿಟರೇನಿಯನ್ ಸಮುದ್ರದ ಕೆಂಪು ಹವಳ. ಅದು ಮಂದ ಬೆಳಕಿನ ಆಳದಲ್ಲಿ, ಬಂಡೆಯ ಮರೆಯಲ್ಲಿ ಬೆಳೆಯುತ್ತದೆ. ಅದರ ಮೈಯಲ್ಲಿ ಪಾಚಿ ಇಲ್ಲ, ಕೆಂಪು ಬಣ್ಣ ಗೂಡಿನದ್ದೇ. ಅದಕ್ಕೇ ಅಷ್ಟು ವರ್ಷ ಮಾಸದೆ ಉಳಿಯುತ್ತದೆ. ಲಕ್ಷದ್ವೀಪದ ಬಹುತೇಕ ಹವಳಗಳನ್ನು ನೀರಿನಿಂದ ತೆಗೆದರೆ ಬಿಳಿ ಸುಣ್ಣವಷ್ಟೇ ಉಳಿಯುತ್ತದೆ.

ಪ್ರಶ್ನೆ: ಕರ್ನಾಟಕದಲ್ಲಿ ಹವಳ ಇದೆಯೇ?
— ಕೆ. ಪಿ., ಯಲಹಂಕ

ಉತ್ತರ: ಇದೆ. ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಬಂಡೆಗಳಿಗೆ ಅಂಟಿಕೊಂಡು ಬೆಳೆದಿದೆ. ಲಕ್ಷದ್ವೀಪದ ದಿಬ್ಬಗಳಂತೆ ದೊಡ್ಡದಲ್ಲ. ಮಳೆಗಾಲದಲ್ಲಿ ನೀರು ಕದಡಿ, ಮೋಡ ಮುಚ್ಚಿ ಉಪಗ್ರಹಕ್ಕೆ ಏನೂ ಸಿಗುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ನೀರು ತಿಳಿಯಾಗಿದ್ದಾಗ ಡೈವಿಂಗ್‌ಗೆ ಹೋಗುವವರು ಕಣ್ಣಾರೆ ನೋಡಬಹುದು. ಹೋದರೆ ಕಾಲಿನಿಂದಲೂ ಮುಟ್ಟಬೇಡಿ. ಬಿಳಿಚಿದ್ದು ಕಂಡರೆ ದಿನಾಂಕ, ಆಳ ಬರೆದಿಟ್ಟುಕೊಂಡು ಈ ಪುಟಕ್ಕೆ ತಿಳಿಸಿ.