ಸ್ಕ್ರಬ್ಬರ್ ಹಾಕಿದ್ಮೇಲೆ ಸಲ್ಫರ್ ಇಳೀತು, ನಾಕ್ಸ್ ಯಾಕೆ ಇಳೀಲಿಲ್ಲ?

ಪ್ರಶ್ನೆ: ಸರ್, ನಮ್ಮ ಫ್ಯಾಕ್ಟರೀಲಿ ಕಲ್ಲಿದ್ದಲು ಬಾಯ್ಲರ್ ಇದೆ, ಹೊಗೆ ಚಿಮ್ನಿಗೆ ಹೋಗೋ ಮುಂಚೆ ಕಾಸ್ಟಿಕ್ ಸ್ಕ್ರಬ್ಬರ್ (ಕಾಸ್ಟಿಕ್ ಸೋಡಾ ನೀರಲ್ಲಿ ಹೊಗೆ ತೊಳೆಯೋ ಯಂತ್ರ) ಹಾಕಿದೀವಿ. ಸಲ್ಫರ್ ಡೈಆಕ್ಸೈಡ್ ರೀಡಿಂಗ್ ಚೆನ್ನಾಗಿ ಕೆಳಗೆ ಬಂತು, ಆದ್ರೆ ನಾಕ್ಸ್ (ನೈಟ್ರೋಜನ್ ಆಕ್ಸೈಡ್ ಅನಿಲಗಳು) ಮಾತ್ರ ಮೊದ್ಲು ಎಷ್ಟಿತ್ತೋ ಅಷ್ಟೇ ಇದೆ. ಡೋಸಿಂಗ್ ಜಾಸ್ತಿ ಮಾಡಿ ಪಿಎಚ್ 10ಕ್ಕೆ ಏರಿಸಿದ್ರೆ ಅದೂ ಇಳಿಯುತ್ತಾ? ಇಲ್ಲಾ ಎಸ್‌ಸಿಆರ್ (ಅಮೋನಿಯಾ ಮತ್ತು ಕ್ಯಾಟಲಿಸ್ಟ್ ಅಂದ್ರೆ ವೇಗವರ್ಧಕ ಬಳಸಿ ನಾಕ್ಸ್ ತೆಗೆಯೋ ವ್ಯವಸ್ಥೆ) ಹಾಕ್ಲೇಬೇಕಾ? ಸ್ಕ್ರಬ್ಬರ್ ಆದ್ಮೇಲೆ ಡಕ್ಟ್‌ನಲ್ಲಿ ಜಾಗ ಇದೆ, ಅಲ್ಲೇ ಕೂರಿಸ್ಬಹುದಾ?

ಉತ್ತರ: ದಯವಿಟ್ಟು ಡೋಸಿಂಗ್ ಜಾಸ್ತಿ ಮಾಡ್ಬೇಡಿ, ಅದ್ರಿಂದ ನಾಕ್ಸ್ ಇಳಿಯಲ್ಲ. ಸಲ್ಫರ್ ಡೈಆಕ್ಸೈಡ್ ನೀರಲ್ಲಿ ಸಲೀಸಾಗಿ ಕರಗೋ ಆಮ್ಲೀಯ ಅನಿಲ, ಕರಗಿದ ತಕ್ಷಣ ಕಾಸ್ಟಿಕ್ ಅದನ್ನ ಹಿಡ್ಕೊಂಡು ಸೋಡಿಯಂ ಸಲ್ಫೈಟ್ ಮಾಡ್ಬಿಡುತ್ತೆ. ಆದ್ರೆ ಬಾಯ್ಲರ್ ಹೊಗೇಲಿರೋ ನಾಕ್ಸ್‌ನಲ್ಲಿ ಶೇ 90ಕ್ಕಿಂತ ಜಾಸ್ತಿ ನೈಟ್ರಿಕ್ ಆಕ್ಸೈಡೇ ಇರುತ್ತೆ, ಅದು ನೀರಲ್ಲಿ ಕರಗೋದು ಸಲ್ಫರ್ ಡೈಆಕ್ಸೈಡ್‌ಗಿಂತ ನೂರಾರು ಪಟ್ಟು ಕಮ್ಮಿ. ನೀರಿಗೇ ಇಳಿಯದ ಅನಿಲವನ್ನ ಕಾಸ್ಟಿಕ್ ಹಿಡಿಯೋದು ಹೇಗೆ ಹೇಳಿ. ಪಿಎಚ್ 10ಕ್ಕೆ ಏರಿಸಿದ್ರೆ ಇನ್ನೊಂದು ನಷ್ಟ ಇದೆ, ಹೊಗೇಲಿ ಬೇಕಾದಷ್ಟು ಇಂಗಾಲದ ಡೈಆಕ್ಸೈಡ್ ಇರುತ್ತಲ್ಲ, ನೀವು ಹಾಕಿದ ಕಾಸ್ಟಿಕ್‌ನ ಅದು ತಿಂದು ಕಾರ್ಬೊನೇಟ್ ಮಾಡಿಬಿಡುತ್ತೆ, ಕೆಮಿಕಲ್ ಖರ್ಚು ಏರುತ್ತೆ ಅಷ್ಟೇ.

ನಾಕ್ಸ್‌ನ ಮೊದ್ಲು ಉರೀಲೇ ಕಮ್ಮಿ ಮಾಡ್ಬೇಕು, ನಾನು ಎಲ್ಲರಿಗೂ ಇದನ್ನೇ ಒತ್ತಿ ಹೇಳೋದು, ಯಾಕಂದ್ರೆ ಹುಟ್ಟದೇ ಇರೋ ನಾಕ್ಸ್‌ನ ತೆಗೆಯೋಕೆ ಅಮೋನಿಯಾ ಬೇಕಾಗಲ್ಲ. ಕಲ್ಲಿದ್ದಲಲ್ಲಿ ಬಹುಪಾಲು ನಾಕ್ಸ್ ಬರೋದು ಇಂಧನದೊಳಗೇ ಇರೋ ನೈಟ್ರೋಜನ್‌ನಿಂದ, ಉಳಿದಿದ್ದು ಉರಿ 1400–1500 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಗಾಳಿಯ ನೈಟ್ರೋಜನ್ ಸುಟ್ಟು ಬರುತ್ತೆ. ಗಾಳೀನ ಒಂದೇ ಸಲಕ್ಕೆ ಕೊಡ್ದೆ ಸ್ವಲ್ಪ ಭಾಗ ಮೇಲ್ಗಡೆಯಿಂದ ಆಮೇಲೆ ಕೊಟ್ರೆ, ಎಕ್ಸೆಸ್ ಏರ್ (ಉರಿಯೋಕೆ ಬೇಕಾದ್ದಕ್ಕಿಂತ ಹೆಚ್ಚಿಗೆ ಕೊಡೋ ಗಾಳಿ) ಬಿಗಿ ಮಾಡಿದ್ರೆ, ಎರಡೂ ಇಳಿಯುತ್ತೆ. ಆದ್ರೆ ಕಾರ್ಬನ್ ಮಾನಾಕ್ಸೈಡ್ ಮೇಲೆ ಕಣ್ಣಿಟ್ಟಿರಿ, ಗಾಳಿ ತೀರಾ ಕಮ್ಮಿ ಆದ್ರೆ ಅದು ಏರುತ್ತೆ, ಬೂದೀಲಿ ಸುಡದ ಕಲ್ಲಿದ್ದಲೂ ಉಳಿಯುತ್ತೆ.

ಅಷ್ಟು ಮಾಡಿದ್ರೂ ಸಾಲ್ದು ಅಂದ್ರೆ ಎಸ್‌ಎನ್‌ಸಿಆರ್ (ಕ್ಯಾಟಲಿಸ್ಟ್ ಇಲ್ಲದೆ ನಾಕ್ಸ್ ತೆಗೆಯೋ ವಿಧಾನ) ನೋಡಿ. ಫರ್ನೇಸ್‌ನಲ್ಲಿ 850ರಿಂದ 1100 ಡಿಗ್ರಿ ಇರೋ ಜಾಗದಲ್ಲಿ ಯೂರಿಯಾ ನೀರು ಸ್ಪ್ರೇ ಮಾಡೋದು, ಕ್ಯಾಟಲಿಸ್ಟ್ ಬೇಡ, ಸಾಮಾನ್ಯವಾಗಿ ಶೇ 30–60 ಇಳಿಯುತ್ತೆ. ಇದ್ರಲ್ಲಿ ಕಷ್ಟ ಏನಂದ್ರೆ ಬಿಸಿ ಕಮ್ಮಿ ಆದ್ರೆ ಯೂರಿಯಾದಿಂದ ಬರೋ ಅಮೋನಿಯಾ ಹಾಗೇ ಚಿಮ್ನಿಗೆ ಹೋಗುತ್ತೆ, ತೀರಾ ಜಾಸ್ತಿ ಆದ್ರೆ ಅಮೋನಿಯಾನೇ ಸುಟ್ಟು ನಾಕ್ಸ್ ಆಗುತ್ತೆ, ಮತ್ತೆ ಬಾಯ್ಲರ್ ಲೋಡ್ ಬದಲಾದಾಗೆಲ್ಲ ಆ ಬಿಸಿಯ ಜಾಗವೂ ಮೇಲೆ ಕೆಳಗೆ ಸರಿಯುತ್ತೆ.

ಎಸ್‌ಸಿಆರ್‌ನಲ್ಲಿ ಶೇ 80–90 ಸಿಗುತ್ತೆ, ಅಮೋನಿಯಾ ಮತ್ತು ನೈಟ್ರಿಕ್ ಆಕ್ಸೈಡ್ ಸೇರಿ ಬರೀ ನೈಟ್ರೋಜನ್ನು, ನೀರು ಆಗುತ್ತೆ. ಆದ್ರೆ ನೀವು ಹೇಳಿದ ಜಾಗ ಸರಿಯಿಲ್ಲ. ಟೈಟಾನಿಯಾ ಮೇಲೆ ವೆನೇಡಿಯಂ ಇರೋ ಮಾಮೂಲಿ ಕ್ಯಾಟಲಿಸ್ಟ್‌ಗೆ 300–400 ಡಿಗ್ರಿ ಬೇಕು, ಸ್ಕ್ರಬ್ಬರ್‌ನಿಂದ ಹೊರಬರೋ ಹೊಗೆ 50–60 ಡಿಗ್ರಿ ಇರುತ್ತೆ, ಅದನ್ನ ಮತ್ತೆ ಕಾಯಿಸೋಕೆ ಇಂಧನ ಸುಡ್ಬೇಕಾಗುತ್ತೆ. ಹಾಗಾಗಿ ಎಕನಾಮೈಜರ್ (ಹೊಗೆಯ ಬಿಸಿಯಿಂದ ಬಾಯ್ಲರ್ ನೀರು ಕಾಯಿಸೋ ಭಾಗ) ಆದ್ಮೇಲೆ, ಏರ್ ಪ್ರಿಹೀಟರ್‌ಗೆ (ಅದೇ ಬಿಸಿಯಿಂದ ಉರಿಯ ಗಾಳಿ ಕಾಯಿಸೋ ಭಾಗ) ಮುಂಚೆ ಕೂರಿಸೋದು ರೂಢಿ. ಅಲ್ಲಿ ಹೊಗೇಲಿ ಸಲ್ಫರ್ ಇನ್ನೂ ಇರುತ್ತೆ, ಕ್ಯಾಟಲಿಸ್ಟ್ ಅದ್ರಲ್ಲಿ ಸ್ವಲ್ಪ ಭಾಗವನ್ನ ಸಲ್ಫರ್ ಟ್ರೈಆಕ್ಸೈಡ್ ಮಾಡುತ್ತೆ, ಅದು ಉಳಿದ ಅಮೋನಿಯಾ ಜೊತೆ ಸೇರಿ ಅಮೋನಿಯಂ ಬೈಸಲ್ಫೇಟ್ ಅನ್ನೋ ಅಂಟು ಉಪ್ಪಾಗಿ ಮುಂದಿನ ಏರ್ ಪ್ರಿಹೀಟರ್‌ನಲ್ಲಿ ಮೆತ್ತಿಕೊಳ್ಳುತ್ತೆ, ದಾರಿ ಕಟ್ಟುತ್ತೆ. ಅದಕ್ಕೇ ಅಮೋನಿಯಾ ಸ್ಲಿಪ್‌ನ (ಕೆಲಸಕ್ಕೆ ಬಾರದೆ ಹಾಗೇ ಹೊರಹೋಗೋ ಅಮೋನಿಯಾ) ಕೆಲವೇ ಪಿಪಿಎಂ ಒಳಗೆ ಇಡೋದು ಬಹಳ ಮುಖ್ಯ.

ಇರೋ ಸ್ಕ್ರಬ್ಬರ್‌ನೇ ಬಳಸ್ಬೇಕು ಅನ್ನೋದಾದ್ರೆ ಓಝೋನ್ ದಾರಿ ಇದೆ. ಸ್ಕ್ರಬ್ಬರ್‌ಗೆ ಮುಂಚೆ ತಣ್ಣಗಾದ ಹೊಗೆಗೆ ಓಝೋನ್ ಬಿಟ್ರೆ ನೈಟ್ರಿಕ್ ಆಕ್ಸೈಡ್ ಡೈನೈಟ್ರೋಜನ್ ಪೆಂಟಾಕ್ಸೈಡ್‌ವರೆಗೂ ಹೋಗಿ ನೀರಲ್ಲಿ ಸುಲಭವಾಗಿ ಕರಗುತ್ತೆ. ಕರೆಂಟ್ ತುಂಬಾ ಬೇಕು, ಹೊರಬರೋ ನೀರಲ್ಲಿ ನೈಟ್ರೇಟ್ ಸೇರುತ್ತೆ, ಆ ನೀರಿನ ವ್ಯವಸ್ಥೆ ಮೊದ್ಲೇ ಯೋಚಿಸಿರಿ.

ಯಾವುದಕ್ಕೂ ಕೊಟೇಶನ್ ಕೇಳೋ ಮುಂಚೆ ಫುಲ್ ಲೋಡ್‌ನಲ್ಲೂ ಕಮ್ಮಿ ಲೋಡ್‌ನಲ್ಲೂ ಫರ್ನೇಸ್ ಮೇಲ್ಭಾಗದ ಮತ್ತು ಎಕನಾಮೈಜರ್ ಔಟ್‌ಲೆಟ್‌ನ ಟೆಂಪರೇಚರ್, ಆಕ್ಸಿಜನ್ ಪರ್ಸೆಂಟೇಜ್ ಜೊತೆಗೇ ನಾಕ್ಸ್ ರೀಡಿಂಗ್ ಬರೆದಿಡಿ, ಯಾಕಂದ್ರೆ ಡಕ್ಟ್‌ನಲ್ಲಿ ಗಾಳಿ ಲೀಕ್ ಇದ್ರೆ ಹೊಗೆ ತೆಳುವಾಗಿ ಆಕ್ಸಿಜನ್ ಏರುತ್ತೆ, ನಾಕ್ಸ್ ಇರೋದಕ್ಕಿಂತ ಕಮ್ಮಿ ಕಾಣುತ್ತೆ.